ನಾನು ಬೆಳೆದ ಕರಿಕೆ

ಮೊನ್ನೆ ನನ್ನ ಹೆಂಡತಿ ಮಹಾದೇವಿ ಒಗೆಯುವ ಬಟ್ಟೆಗಳನ್ನು ಮಷಿನ್ನಿಗೆ ಹಾಕುವ ಮೊದಲು ನನ್ನ ಅಂಗಿಯ ಕಿಸೆಗೆ ಕೈಹಾಕಿ, ಆರಿಂಚಿನ ಸ್ಟೀಲ್ ಸ್ಕೇಲೊಂದನ್ನು ಎಳೆದಳು. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ನಾನು ಪೇಪರ್ ಓದುತ್ತಿದ್ದಲ್ಲಿಗೆ ಬಂದು ನಿಂತಳು.

"ರೀ, ರಿಟೈರ್ ಆಗಿ ಆರು ವರ್ಷ ಆತು. ಇದು ಇನ್ನೂ ಯಾಕ ಕಿಸೇದಾಗ?"

"ಹುಲ್ಲು ಅಳಿಯಾಕ," ಅಂದೆ.

"ಹುಲ್ಲು ಅಳಿಯಾಕ!" ಎಂದು ಅವಳು ಗೋಡೆಗೆ ಹೇಳಿದಳು. ಮದುವೆಯಾಗಿ ಮೂವತ್ತೆಂಟು ವರ್ಷಗಳಾದ ಮೇಲೆ ಹೆಂಗಸರು ಮುಖ್ಯವಾದ ಮಾತುಗಳನ್ನೆಲ್ಲ ಗೋಡೆಗೇ ಹೇಳುತ್ತಾರೆ.

ನಗಬೇಡಿ. ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವನು. ಲೇತ್ ಮಷಿನ್ ಮುಂದೆ ನಿಂತು ಕಬ್ಬಿಣ ತಿರುಗಿಸಿದ್ದೇ ನನ್ನ ಆಯುಷ್ಯ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಡೀ ತುಂಡು ಗುಜರಿಗೆ ಹೋಗುತ್ತಿತ್ತು. ಅಂಥವನ ಕೈಗೆ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಹುಲ್ಲಿನಂಗಳ ಸಿಕ್ಕರೆ ಅವನು ಅಳೆಯದೆ ಇನ್ನೇನು ಮಾಡಿಯಾನು? ಮಳೆಗಾಲಕ್ಕೆ ಒಂದೂವರೆ ಇಂಚು. ಅದಕ್ಕಿಂತ ಎತ್ತರ ಬಿಟ್ಟರೆ ಬುಡಕ್ಕೆ ಗಾಳಿಯಾಡದೆ ಕೊಳೆಯುತ್ತದೆ. ಬೇಸಿಗೆಗೆ ಎರಡು ಇಂಚು. ಅದಕ್ಕಿಂತ ಗಿಡ್ಡ ಮಾಡಿದರೆ ಏಪ್ರಿಲ್ ಬಿಸಿಲು ಬೇರನ್ನೇ ಸುಟ್ಟುಬಿಡುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಮೊಣಕಾಲೂರಿ ಕೂತು, ಹಾಳುಮಾಡಿ, ಮತ್ತೆ ಮಾಡಿ ಕಲಿತೆ.

ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದ್ ಕಡೆಗೆ ಬಂದರೆ ನಮ್ಮ ಮನೆಗೆ ಖಂಡಿತ ಬನ್ನಿ. ಗುರುತು ಹೇಳುವುದು ಕಷ್ಟವೇನಲ್ಲ. ನಮ್ಮ ಕಾಲನಿಯಲ್ಲಿ ಎಲ್ಲರ ಮನೆ ಮುಂದೆಯೂ ಟೈಲ್ಸ್, ನಮ್ಮ ಮನೆ ಮುಂದೆ ಮಾತ್ರ ಹುಲ್ಲು. ಪಕ್ಕದ ಮನೆಯ ರಾಮರಾವ್ ಗಾರು ಇದ್ದ ಮಣ್ಣನ್ನೂ ಮುಚ್ಚಿಸಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಹುಲ್ಲುಹಾಸು ಹಾಸಿದ್ದಾರೆ. ವಾರಕ್ಕೊಮ್ಮೆ ಅದನ್ನು ಪೊರಕೆಯಿಂದ ಗುಡಿಸುತ್ತಾರೆ. ಗುಡಿಸುತ್ತ ಗುಡಿಸುತ್ತ ಕಾಂಪೌಂಡ್ ಗೋಡೆಯ ಮೇಲಿಂದ ನನ್ನ ಹುಲ್ಲನ್ನು ನೋಡಿ, "ಸಂಗಪ್ಪಗಾರೂ, ಮೀದಿ ಚಾಲಾ ಬಾಗುಂದಂಡಿ" ಅನ್ನುತ್ತಾರೆ. ನಿಮ್ಮದು ಭಾಳ ಚೆಂದ ಇದೆ ಅಂತ. ಆ ಮಾತು ಕೇಳಲೆಂದೇ ನಾನು ಭಾನುವಾರ ಅವರು ಗುಡಿಸುವ ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತೇನೆ ಎಂಬುದು ಮಹಾದೇವಿಯ ಆಪಾದನೆ. ನಿಜವೇ.

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಅದು ನಮ್ಮ ಕಡೆಯ ರೂಢಿ. ನಾನು ಮೊದಲು ಹುಲ್ಲು ತೋರಿಸುತ್ತೇನೆ. ಚಪ್ಪಲಿ ಬಿಡಿಸಿ ನಾಲ್ಕು ಹೆಜ್ಜೆ ನಡೆಸುತ್ತೇನೆ. ತಲೆಯ ಮೇಲೆ ವಿಮಾನ ಹಾದುಹೋದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಬಂದವರಿಗೆ ಬಾಯಾರಿ ಸಾಕಾಗಿರುತ್ತದೆ, ಪಾಪ. ಆದರೂ ನಾನು ಬಿಡುವವನಲ್ಲ. ನನಗೆ ಈ ಅಂಗಳದ ಬಗ್ಗೆ ಹೆಮ್ಮೆ ಇದೆ, ಅದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಆ ಹೆಮ್ಮೆಗೊಂದು ಹಳೆಯ ಕಾರಣವಿದೆ. ಅದನ್ನು ಹೇಳದಿದ್ದರೆ ನೀವೂ ಮಹಾದೇವಿಯ ಹಾಗೆ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ನಾನು ಸಿಂದಗಿ ತಾಲೂಕಿನವನು. ಕಪ್ಪು ಎರೆ ಭೂಮಿ, ಬಿಳಿಜೋಳ, ತೊಗರಿ. ನಮ್ಮಪ್ಪ ಬೇಗ ತೀರಿಕೊಂಡ ಮೇಲೆ ಹೊಲ ನೋಡಿಕೊಂಡವನು ನನಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ಮಲ್ಲಪ್ಪ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ರಜೆಯ ದಿನ ಅಣ್ಣ ನನ್ನ ಕೈಗೆ ಕುರ್ಪಿ ಕೊಟ್ಟು, ಜೋಳದ ಸಾಲಿನಲ್ಲಿ ಕಸ ತೆಗೆಯಲು ಕೂರಿಸಿದ. ಜೋಳ ಆಗಿನ್ನೂ ಗೇಣುದ್ದ. ನಾನು ಭಾಳ ಉಮೇದಿಯಿಂದ, ತಲೆ ಎತ್ತದೆ, ಒಂದು ಸಾಲು ಪೂರ್ತಿ ಹಸನು ಮಾಡಿದೆ. ಅಣ್ಣ ಬಂದು ನೋಡಿದ. ಜೋಳವನ್ನೆಲ್ಲ ಕಿತ್ತು ಬದುವಿಗೆ ಒಟ್ಟಿದ್ದೆ, ಹುಲ್ಲನ್ನು ಸಾಲಾಗಿ ಬಿಟ್ಟಿದ್ದೆ.

ಅವನು ಬೈಯಲಿಲ್ಲ. ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ, "ಈ ಕೈಗೆ ಮಣ್ಣು ಒಲಿಯಂಗಿಲ್ಲೋ ತಮ್ಮಾ. ನೀ ಓದು" ಅಂದ. ಊರವರು ನನಗೆ 'ಜ್ವಾಳ ಕಿತ್ತಾಂವ' ಎಂದು ಹೆಸರಿಟ್ಟರು. ಅಣ್ಣ ನನ್ನನ್ನು ಐ.ಟಿ.ಐ.ಗೆ ಕಳಿಸಿದ, ಹೈದರಾಬಾದಿನಲ್ಲಿ ನೌಕರಿ ಸಿಕ್ಕಿತು, ಜೀವನ ನಡೆಯಿತು. ಅಣ್ಣನ ನಿರ್ಧಾರ ತಪ್ಪೆಂದು ಹೇಳಲಾರೆ. ಆದರೆ ಮುಂದೆ ಊರಿಗೆ ಹೋದಾಗಲೆಲ್ಲ ನಾನು ಹೊಲದಲ್ಲಿ ಏನಾದರೂ ಮುಟ್ಟಲು ಹೋದರೆ ಅಣ್ಣ, "ನೀ ಕುಂಡರು, ನೀ ಕುಂಡರು" ಎನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಆದರೂ ಅದು ನನಗೆ ಚುಚ್ಚುತ್ತಿತ್ತು. ಒಮ್ಮೆಯಾದರೂ ಅಣ್ಣ ನಾನು ಬೆಳೆದಿದ್ದನ್ನು ನೋಡಿ ಭೇಷ್ ಅನ್ನಬೇಕು ಎಂಬ ಆಸೆ ಅರವತ್ತು ದಾಟಿದರೂ ನನ್ನೊಳಗಿಂದ ಹೋಗಿರಲಿಲ್ಲ.

ರಿಟೈರ್ ಆದಾಗ ಈ ಮನೆ ಕಟ್ಟಿಸಿದೆ. ಮನೆಗಿಂತ ಹೆಚ್ಚು ಯೋಚಿಸಿದ್ದು ಮುಂದಿನ ಅಂಗಳದ ಬಗ್ಗೆ. ಮೊದಲ ವರ್ಷ ನರ್ಸರಿಯವನ ಮಾತು ಕೇಳಿ ಮೆಕ್ಸಿಕನ್ ಹುಲ್ಲು ಹಾಕಿಸಿದೆ. ಚಾಪೆಯ ತುಂಡುಗಳ ಹಾಗೆ ಕತ್ತರಿಸಿ ತಂದು ಜೋಡಿಸುತ್ತಾರಲ್ಲ, ಅದು. ಹಾಸಿದ ದಿನ ನೋಡಲು ಭಾರಿ ಚೆಂದವಿತ್ತು. ಬೇಗಂ ಬಜಾರಿಗೆ ಹೋಗಿ ಉದ್ದನೆಯ ಪೈಪು, ತುಂತುರು ಡಬ್ಬಿ, ಮರಳು ಸೋಸಲು ಜರಡಿ ಎಲ್ಲ ತಂದೆ. ದಿನಾ ಸಂಜೆ ಧಾರಾಳವಾಗಿ ನೀರು ಬಿಟ್ಟೆ. ಅದೇ ತಪ್ಪಾಗಿದ್ದು. ಮಳೆಗಾಲದ ಜಿಗುಟು ಸೆಕೆಯಲ್ಲಿ ರಾತ್ರಿಯಿಡೀ ಒದ್ದೆಯಾಗಿ ನಿಂತ ಹುಲ್ಲಿಗೆ ಬೂಷ್ಟು ಹಿಡಿಯಿತು. ಮೊದಲು ತಟ್ಟೆಯಗಲದ ಹಳದಿ ಕಲೆಗಳು ಬಂದವು, ಆಮೇಲೆ ಅವೆಲ್ಲ ಒಂದಕ್ಕೊಂದು ಕೂಡಿಕೊಂಡವು. ದಸರೆಯ ಹೊತ್ತಿಗೆ ಅಂಗಳದಲ್ಲಿ ಜೀವವಿದ್ದ ಹುಲ್ಲೆಂದರೆ ಮೂಲೆಯಲ್ಲಿ ತಾನಾಗಿಯೇ ಹುಟ್ಟಿದ್ದ ಒಂದು ಹಿಡಿ ಕರಿಕೆ.

ಕರಿಕೆ ಎಂದರೆ ನಿಮಗೆ ಗಣಪತಿಗೆ ಏರಿಸುವ ಗರಿಕೆ ಹುಲ್ಲು ನೆನಪಾಗಬಹುದು. ಎರೆ ಹೊಲದ ರೈತನಿಗೆ ನೆನಪಾಗುವುದು ಬೇರೆ. ಅದರ ಬೇರು ತೋಳುದ್ದ ಇಳಿಯುತ್ತದೆ, ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ನಮ್ಮಪ್ಪ ಬೇಸಿಗೆಯಿಡೀ ಆಳುಗಳ ಜೊತೆ ಹೊಲ ಅಗೆದು ಕರಿಕೆ ತೆಗೆಯುತ್ತಿದ್ದ. ತೆಗೆದದ್ದನ್ನು ಬಂಡೆಯ ಮೇಲೆ ಒಣಗಿಸಿ ಸುಡುತ್ತಿದ್ದ. 'ಅವನ ಹೊಲಕ್ಕೆ ಕರಿಕೆ ಹೊಕ್ಕೈತಿ' ಎಂದರೆ ಊರಲ್ಲಿ ಅದು ಮನೆತನಕ್ಕೇ ತಾಗುವ ಮಾತು.

ನಾನು ಆ ಒಂದು ಹಿಡಿ ಕರಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆ. ಮೆಕ್ಸಿಕನ್ ಹೋಗಿತ್ತು, ಇದು ನಗುತ್ತಿತ್ತು. ಬಿಸಿಲಿಗೂ ಜಗ್ಗಿಲ್ಲ, ಸೆಕೆಗೂ ಜಗ್ಗಿಲ್ಲ. ಹಾಗಾದರೆ ಇದನ್ನೇ ಬೆಳೆದರೆ? ಹಿಂದಿನ ಖಾಲಿ ಪ್ಲಾಟಿನಿಂದ ಚೀಲಗಟ್ಟಲೆ ಬೇರು ಕಿತ್ತು ತಂದೆ. ಕಲ್ಲುಕಡಿಯ ಮಣ್ಣಿಗೆ ಮರಳು ಬೆರೆಸಿ ಮಟ್ಟ ಮಾಡಿ, ಅರ್ಧರ್ಧ ಗೇಣಿಗೊಂದು ಬೇರಿನ ತುಂಡು ನೆಟ್ಟೆ. ಸ್ಕೇಲು ಹಿಡಿದೇ ನೆಟ್ಟೆ. ಗುಜರಿಯಲ್ಲಿ ಬಿದ್ದಿದ್ದ ತಳ್ಳುವ ಹುಲ್ಲುಗತ್ತರಿ ಯಂತ್ರವೊಂದನ್ನು ತಂದು, ಅಲಗುಗಳನ್ನು ನಾನೇ ಮಸೆದು ಕೂರಿಸಿದೆ. ಇಂದು ಅದು ಕಾಗದ ಕತ್ತರಿಸಿದಷ್ಟು ಸಲೀಸಾಗಿ ಓಡುತ್ತದೆ. ಎರಡು ಮಳೆಗಾಲ ದಾಟುವಷ್ಟರಲ್ಲಿ ಅಂಗಳ ತುಂಬಿಕೊಂಡಿತು. ನನ್ನ ಕೈಯಿಂದ ಮಣ್ಣಿನಲ್ಲಿ ಹುಟ್ಟಿದ ಮೊದಲ ಬೆಳೆ ಅದು.

ಇಷ್ಟಾದರೂ ಅಣ್ಣನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಏನಂತ ಹೇಳಲಿ? ಅಪ್ಪ ಜೀವಮಾನವಿಡೀ ಅಗೆದು ಸುಟ್ಟಿದ್ದನ್ನು ನಾನು ನೀರು ಹಾಕಿ ಸಾಕುತ್ತಿದ್ದೇನೆ ಅಂತಲೇ? ಫೋನಿನಲ್ಲಿ ಬರೀ, "ಮನಿ ಮುಂದ ಹುಲ್ಲು ಬೆಳಿಸೀನಿ ಅಣ್ಣಾ, ಒಳ್ಳೆ ಜಾತೀದು" ಅಂದಿದ್ದೆ. ಸುಳ್ಳಂತೂ ಅಲ್ಲ.

ಕಳೆದ ಶ್ರಾವಣದಲ್ಲಿ ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ನಮ್ಮಲ್ಲಿಗೆ ಬಂದ. ಗಾಡಿಯಿಂದ ಇಳಿದವನು ಗೇಟಿನ ಬಳಿ ಕಣ್ಣು ಕಿರಿದು ಮಾಡಿ ನಿಂತ.

"ಏನೋ ಸಂಗ್ಯಾ, ಹಸರ ಹಸರ ಕಾಣಾಕತ್ತೈತಿ. ಮೆಂತೆಪಲ್ಲೆ ಏನು?"

"ಅಲ್ಲಣ್ಣಾ, ಹೇಳಿದ್ನಲ್ಲಾ. ಹುಲ್ಲು."

"ದನಾ ಎಲ್ಲಿ ಕಟ್ಟಿ?"

"ದನಾ ಇಲ್ಲ."

"ದನಾ ಇಲ್ಲದ ಹುಲ್ಲು ಯಾಕೋ?"

"ನೋಡಾಕ."

ಅಣ್ಣ ಮಹಾದೇವಿಯ ಕಡೆ ತಿರುಗಿದ. ಅವಳಿಗೆ ಅಷ್ಟೇ ಸಾಕಾಗಿತ್ತು. "ನೀವರೆ ಬುದ್ಧಿ ಹೇಳ್ರಿ ಭಾವಾರ. ಅಳತಿ ಹಿಡದ ಹುಲ್ಲು ಕೊಯ್ತಾರ್ರೀ ಇವರು!" ಅಣ್ಣ ನಕ್ಕ. ಕಣ್ಣು ಸರಿಹೋದ ಮೇಲೆ ನೋಡುತ್ತಾನೆ, ಆಗ ಹೇಳುತ್ತಾನೆ ಎಂದುಕೊಂಡು ನಾನು ಅವನ ಚೀಲ ಎತ್ತಿಕೊಂಡೆ.

ಮರುದಿನ ಬೆಳಗ್ಗೆ ಎದ್ದು ಚಹದ ಕಪ್ಪು ಹಿಡಿದು ಹೊರಗೆ ಬಂದೆ. ಬಂದವನು ಹಾಗೇ ನಿಂತೆ. ಅಣ್ಣ ಧೋತರದ ಕಚ್ಚೆ ಬಿಗಿದು, ಎಲ್ಲಿಂದಲೋ ನನ್ನ ಗುದ್ದಲಿ ಹುಡುಕಿ, ಅಂಗಳದ ನಟ್ಟನಡುವೆ ಅಗೆಯುತ್ತಿದ್ದ. ಒಂದು ಜಮಖಾನೆಯಷ್ಟು ಜಾಗ ಬೋಳಾಗಿತ್ತು. ಪಕ್ಕದಲ್ಲಿ ಬೇರುಸಮೇತ ಕಿತ್ತ ಹುಲ್ಲಿನ ಗುಪ್ಪೆಯಿತ್ತು.

ನನ್ನ ಕೈಯಿಂದ ಕಪ್ಪು ಬಿತ್ತು. "ಯಾರು ಹೇಳಿದ್ರು ನಿನಗ? ಯಾರು ಹೇಳಿದ್ರು ಕೈ ಹಚ್ಚಂತ?" ಎಂದು ಕೂಗಿದೆ. ಜನ್ಮದಲ್ಲಿ ಅಣ್ಣನ ಮುಂದೆ ನಾನು ದನಿ ಏರಿಸಿದವನಲ್ಲ. ಅಂದು ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ಒಂದ ಸಲ ಒಂದ ಬೆಳಿ ಬೆಳದೀನಿ ನಾನು! ಅದನ್ನೂ ಕಿತ್ತಿ!" ಗೋಡೆಯ ಮೇಲೆ ರಾಮರಾವ್ ಗಾರು ತಲೆ ಎತ್ತಿ, "ಏಮೈಂದಂಡೀ?" ಎಂದರು. ಏನಾಯಿತೆಂದು ಕೇಳಿದವರಿಗೆ ಬೋಳು ಜಾಗದ ಕಡೆ ಕೈ ತೋರಿಸಿದೆ.

ಅಣ್ಣ ಗುದ್ದಲಿ ಕೆಳಗಿಟ್ಟ. ಮೆಟ್ಟಿಲ ಮೇಲೆ ಮೆಲ್ಲಗೆ ಕೂತ. ಎಂಬತ್ತರ ಸಮೀಪದ ಜೀವ, ಏದುಸಿರು ಬಿಡುತ್ತಿತ್ತು.

"ಕರಿಕಿ ಹೊಕ್ಕಿತ್ತೋ ಸಂಗ್ಯಾ," ಅಂದ. "ಮುಂಜಾನೆ ಬರಿಗಾಲಿಲೆ ಅಡ್ಡಾಡಿದೆ. ಕಾಲಿಗೆ ಹತ್ತಿತು. ಕಣ್ಣು ಕಾಣದಿದ್ರೂ ಕರಿಕಿ ಗೊತ್ತಾಗತೈತಿ ನನಗ. ನಿನ್ನ ಜಾತಿ ಹುಲ್ಲು ತಿಂದಹಾಕತೈತಿ, ನಾ ದವಾಖಾನಿಗೆ ಹೋಗೂದರಾಗ ತಗದ ಬಿಡೋಣಂತ..."

ನನ್ನ ಸಿಟ್ಟು ಎಲ್ಲಿ ಹೋಯಿತೋ. ತಪ್ಪು ಯಾರದು? ಹೇಳದೆ ಮುಚ್ಚಿಟ್ಟವನು ನಾನು. ಅವನ ಪಕ್ಕದಲ್ಲಿ ಕೂತೆ.

"ಅಣ್ಣಾ, ಅದು ಹೊಕ್ಕಿದ್ದಲ್ಲ. ನಾನ ಹಚ್ಚೀನಿ. ಇಡೀ ಅಂಗಳ ಕರಿಕೀನ."

"ಇಡೀ ಅಂಗಳ?"

"ಹೂಂ."

"ಬೇಕಂತನ?"

"ಬೇಕಂತನ."

ಒಂದು ವಿಮಾನ ಬಂತು, ಹೋಯಿತು. ಆಮೇಲೆ ಅಣ್ಣನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಗಾಬರಿಯಾದೆ, ನೋಡಿದರೆ ನಗು. "ಅಪ್ಪ ಇದ್ದಿದ್ರ," ಎಂದು ಶುರುಮಾಡಿ, ಮುಗಿಸಲಾಗದೆ, ಮತ್ತೆ ನಕ್ಕ. ನನಗೂ ತಡೆಯಲಾಗಲಿಲ್ಲ. ಅಪ್ಪ ಇದ್ದಿದ್ದರೆ ಇಬ್ಬರನ್ನೂ ಅದೇ ಬಂಡೆಯ ಮೇಲೆ ಒಣಗಲು ಹಾಕುತ್ತಿದ್ದ. ಮಹಾದೇವಿ ಒಡೆದ ಕಪ್ಪಿನ ಚೂರು ಆರಿಸುತ್ತ ನಮ್ಮಿಬ್ಬರನ್ನೂ ನೋಡಿ, ಮತ್ತೆ ಎರಡು ಕಪ್ಪು ಚಹ ತಂದಿಟ್ಟಳು.

ಕರಿಕೆಯನ್ನು ಕೊಲ್ಲುವುದರಲ್ಲೇ ಜನ್ಮ ಸವೆಸಿದವನಿಗೆ ಅದು ಹೇಗೆ ಬದುಕುತ್ತದೆಂದು ಗೊತ್ತಿಲ್ಲದೆ ಇರುತ್ತದೆಯೇ? "ಗುಪ್ಪಿ ಬಿಸಲಿಗೆ ಬಿಡಬ್ಯಾಡ, ಒದ್ದಿ ಚೀಲದಾಗ ಸುತ್ತು," ಅಂದ. "ತುಂಡಿಗೊಂದು ಗೆಣ್ಣು ಇರೂವಂಗ ಕಡಿ. ಕೆಸರ ಮಾಡಿ ಒತ್ತು." ಅವನು ಹೇಳಿದ, ನಾನು ಮಾಡಿದೆ. ಎರಡು ದಿನ ಬಿಟ್ಟು ಒಂದು ಕಣ್ಣಿನ ಆಪರೇಷನ್ ಆಯಿತು. ಬಗ್ಗುವಂತಿಲ್ಲ, ಮಣ್ಣು ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದ ಕುರ್ಚಿಯಲ್ಲಿ ಕೂತ ಅಣ್ಣ ಅಲ್ಲಿಂದಲೇ ದರಬಾರು ನಡೆಸಿದ.

ಒಂದು ಸಂಜೆ, "ಸಂಗ್ಯಾ, ಹೊತ್ತ ಇಳದೈತಿ, ನೀರ ಬಿಡು" ಅಂದ.

"ಬ್ಯಾಡಣ್ಣಾ. ಈ ಸೆಕಿಯೊಳಗ ಸಂಜೀಕ ನೀರ ಬಿಟ್ರ ಬೂಷ್ಟ ಹಿಡಿತೈತಿ. ಮುಂಜಾನೆ ಬಿಡತೀನಿ, ಬಿಸಲಿಗೆ ಎಲಿ ಆರತಾವ. ನಾ ಒಮ್ಮೆ ಕೈ ಸುಟ್ಟಕೊಂಡೀನಿ."

ಹೊಲದ ವಿಷಯದಲ್ಲಿ ಅಣ್ಣನಿಗೆ ಎದುರು ಹೇಳಿದವರನ್ನು ನಾನು ಕಂಡಿಲ್ಲ. ಅವನು ಸ್ವಲ್ಪ ಹೊತ್ತು ತಲೆದೂಗಿದ. "ಎರಿ ಬ್ಯಾರೆ, ಇದು ಬ್ಯಾರೆ. ನಿನ್ನ ಮಣ್ಣು ನಿನಗ ಗೊತ್ತು," ಅಂದ. ನಾನು ಒಳಗೆ ಹೋಗಿ ಆ ಮಾತನ್ನು ಮಹಾದೇವಿಗೆ ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವಳು ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು.

ಎಂಟೊಂಬತ್ತು ದಿನಕ್ಕೆ ಬೋಳು ಜಾಗದಲ್ಲಿ ಸೂಜಿಮೊನೆಯಂಥ ಚಿಗುರು ಎದ್ದಿತು. ಹದಿನೈದನೆಯ ದಿನ ಡಾಕ್ಟರು ಕಣ್ಣು ತಪಾಸಣೆ ಮಾಡಿ, ಕಪ್ಪು ಕನ್ನಡಕ ಸಾಕೆಂದರು. ಆಟೋ ಮನೆ ಮುಂದೆ ನಿಂತಿತು. ಅಣ್ಣ ಇಳಿದು, ಗೇಟು ತೆಗೆದು ನೋಡಿದ. ಹಿಂದಿನ ದಿನವಷ್ಟೇ ನಾನು ಯಂತ್ರ ಓಡಿಸಿದ್ದೆ. ರಾತ್ರಿ ಬಿದ್ದ ಮಳೆಯ ಹನಿ ಇನ್ನೂ ಎಲೆಯ ತುದಿಯಲ್ಲಿತ್ತು. ನಾನು ಆಟೋದವನಿಗೆ ಚಿಲ್ಲರೆ ಹುಡುಕುವ ನೆಪದಲ್ಲಿ ಅಣ್ಣನ ಮುಖವನ್ನೇ ನೋಡುತ್ತಿದ್ದೆ.

ಅಣ್ಣ ಚಪ್ಪಲಿ ಬಿಟ್ಟ. ನಮ್ಮ ಕಡೆ ರಾಶಿ ಮಾಡುವ ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹಾಗೆ ಚಪ್ಪಲಿಗಳನ್ನು ಗೇಟಿನ ಹೊರಗೇ ಜೋಡಿಸಿಟ್ಟು ಒಳಗೆ ಬಂದ. ಈ ತುದಿಯಿಂದ ಆ ತುದಿಗೆ ನಡೆದ, ತಿರುಗಿ ಬಂದ. ತಾನು ಅಗೆದ ಜಾಗದ ಹತ್ತಿರ ನಿಂತು ನೋಡಿದ. ಏನಾದರೂ ಹೇಳುತ್ತಾನೆಂದು ನಾನು ಕಾದೆ. "ಹಸಿವ್ಯಾಗೈತಿ, ಊಟಕ್ಕ ಹಾಕು ಅನ್ನು ಮಹಾದೇವಿಗೆ," ಎಂದು ಒಳಗೆ ಹೋದ. ನನಗೆ ಊಟ ರುಚಿಸಲಿಲ್ಲ. ಇಷ್ಟು ವಯಸ್ಸಾದ ಮೇಲೆ ಇಂಥದ್ದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಾರೇನು ಎಂದು ನನ್ನನ್ನೇ ಬೈದುಕೊಂಡೆ. ಆದರೂ ರುಚಿಸಲಿಲ್ಲ.

ಮರುದಿನ ಅಣ್ಣ ಊರಿಗೆ ಹೊರಡುವವನಿದ್ದ. ಇನ್ನೊಂದು ಕಣ್ಣು ದೀಪಾವಳಿಯ ಮೇಲೆ. ಬೆಳಗ್ಗೆ ನಾನು ಮನೆಯ ಮಗ್ಗುಲಲ್ಲಿ ನಲ್ಲಿಗೆ ಪೈಪು ಸಿಕ್ಕಿಸುತ್ತಿದ್ದೆ. ವರಾಂಡದಲ್ಲಿ ಅಣ್ಣನ ಫೋನು ರಿಂಗಾಯಿತು. ಊರಿನ ಭೀಮರಾಯ, ಅಣ್ಣನ ವಾರಿಗೆಯ ಗೆಳೆಯ. ಅಣ್ಣ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾನೆ. ನಾನು ಗೋಡೆಯ ಈಚೆಗಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

"ಕಣ್ಣು ಹೆಂಗ ಅದಾವೋ ಮಲ್ಲಪ್ಪಾ?"

"ಭೇಷ್ ಕಾಣತೈತಿ. ಸಂಜೀಕ ಊರಾಗಿರತೀನಿ."

"ತಮ್ಮ ಹೆಂಗದಾನ? ನೌಕರಿ ಮುಗೀತಲ್ಲ, ಮನ್ಯಾಗ ಕುಂತಾನೇನು?"

"ಅಂವಾ ಯಾಕ ಕುಂಡರತಾನ?" ಅಂದ ಅಣ್ಣ. "ಒಕ್ಕಲತನ ಮಾಡಾಕತ್ತಾನ."

ಆ ಕಡೆಯಿಂದ ಭೀಮರಾಯ ನಕ್ಕಿದ್ದು ನನಗೂ ಕೇಳಿಸಿತು. "ಸಂಗ್ಯಾ? ಒಕ್ಕಲತನ? ಎಷ್ಟ ಎಕರೆ ಮಾಡ್ಯಾನಪಾ?"

"ಎಕರೆ ತಗೊಂಡ ಏನ ಮಾಡತೀಲೇ?" ಅಣ್ಣನ ದನಿ ಬೀದಿಗೆ ಕೇಳುವಷ್ಟು ಏರಿತು. "ಬೆಳಿ ನೋಡಬೇಕು, ಬೆಳಿ! ಈ ತುದಿಯಿಂದ ಆ ತುದೀತನಕ ಅಡ್ಡಾಡಿ ಬಂದೆ, ಹುಡಿಕಿದ್ರ ಒಂದ ಕಸಾ ಸಿಗಲಿಲ್ಲ. ಅಷ್ಟ ಹಸನ ನನ್ನ ಹೊಲಾನೂ ಇಲ್ಲೋ, ನಿಂದಂತೂ ಬಿಡು."

ಪೈಪು ನನ್ನ ಕೈಯಿಂದ ಜಾರಿ, ನೀರು ಪೂರ್ತಿ ನನ್ನ ಕಾಲ ಮೇಲೆ ಹರಿಯುತ್ತಿತ್ತು. ಆ ಸದ್ದಿಗೆ ಅಣ್ಣ ಫೋನು ಹಿಡಿದುಕೊಂಡೇ ಬಗ್ಗಿ ನನ್ನ ಕಡೆ ನೋಡಿದ. ಸಿಕ್ಕಿಬಿದ್ದವನ ಹಾಗೆ ಫೋನನ್ನು ಮಗ್ಗುಲಿಗೆ ಸರಿಸಿ, ಎಂದಿನ ಗತ್ತಿನಲ್ಲಿ, "ಏನ ನಿಂತ ನೋಡತೀ? ಬಿಸಲ ಏರಾಕತ್ತೈತಿ, ನೀರ ಬಿಡು ಹೋಗು," ಅಂದ.

ಹೋದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಗೋಡೆಯಾಚೆ ರಾಮರಾವ್ ಗಾರು ಏನೋ ಕೇಳುತ್ತಿದ್ದರು. ಇವತ್ತು ನನಗೆ ಪುರಸತ್ತಿಲ್ಲ, ನನ್ನ ಬೆಳೆಗೆ ನೀರು ಬಿಡಬೇಕು ಎಂದು ಅವರಿಗೆ ಕನ್ನಡದಲ್ಲೇ ಹೇಳಿಬಿಟ್ಟೆ.